ಏಳನೇ ನಂಬರಿನ ಬಾಟಲಿ

ದೊಡ್ಡಕ್ಕನ ಹೊಟ್ಟೆ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಉಬ್ಬಲು ಶುರುವಾಗುತ್ತಿತ್ತು. ಅವಳು ಏಪ್ರನ್ನಿನ ಗಂಟು ಸಡಿಲಿಸಿದಳೆಂದರೆ ಮೂರು ಹೊಡೆಯಿತು ಎಂದು ಪಕ್ಕದ ಮೇಜಿನವರು ತಿಳಿದುಕೊಳ್ಳುತ್ತಿದ್ದರು. ನಾಲ್ಕಕ್ಕೆ ತಲೆನೋವು. ಬೆಳಗ್ಗೆ ಹೊಟ್ಟೆ ಖಾಲಿಯಾಗುವ ಭಾಗ್ಯವಂತೂ ವಾರಕ್ಕೆ ಎರಡು ಸಲ ಸಿಕ್ಕರೆ ಹೆಚ್ಚು. ಹನ್ನೆರಡು ವರ್ಷದಿಂದ ಇದೇ ಪಾಡಾದ್ದರಿಂದ ಅದೊಂದು ತೊಂದರೆ ಎಂದು ಅವಳಿಗೆ ಅನಿಸುವುದೇ ನಿಂತುಹೋಗಿತ್ತು. ಯಾರಾದರೂ ಕೇಳಿದರೆ, “ನನ್ನ ಶರೀರನೇ ಹಾಗೆ, ಏನ್ ಮಾಡೋದು” ಎಂದು ನಕ್ಕುಬಿಡುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದುದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆ, ಹೋಟೆಲುಗಳ ಚಾದರ, ಟವೆಲು, ದಿಂಬಿನ ಚೀಲಗಳು ವ್ಯಾನುಗಟ್ಟಲೆ ಅಲ್ಲಿಗೆ ಬರುತ್ತಿದ್ದವು. ಒಗೆಯುವ ಡ್ರಮ್ಮುಗಳು ಒಂದು ಗೋಡೆಯ ಉದ್ದಕ್ಕೂ, ಮಡಚುವ ಮೇಜುಗಳು ಇನ್ನೊಂದು ಗೋಡೆಗೆ. ನಡುವೆ ದೊಡ್ಡಕ್ಕನ ಉಗಿ ಯಂತ್ರ. ಒದ್ದೆ ಚಾದರದ ಎರಡು ತುದಿ ಹಿಡಿದು ಬಿಸಿ ಉರುಳೆಗಳ ಬಾಯಿಗೆ ಕೊಟ್ಟರೆ, ಆಚೆ ಕಡೆಯಿಂದ ಹೊಸ ಕಾಗದದಂತೆ ಗರಿಗರಿಯಾಗಿ ಬರುತ್ತಿತ್ತು. ಚಳಿಗಾಲದಲ್ಲೂ ಅಲ್ಲಿ ನಿಂತವರ ಕುತ್ತಿಗೆಯಿಂದ ಬೆವರು ಇಳಿಯುತ್ತಲೇ ಇರುತ್ತಿತ್ತು.

ಒಂದು ಸೋಮವಾರ ಅವಳ ತಂಗಿ ಐದು ಲೀಟರಿನ ಎರಡು ಕ್ಯಾನುಗಳಲ್ಲಿ ಹಸಿರು ಪಾನೀಯ ಹೊತ್ತು ತಂದಳು. ತಂಗಿಗೆ ಮೂವತ್ತೆಂಟಾಗಿದ್ದರೂ ಎಲ್ಲರ ಬಾಯಲ್ಲಿ ಅವಳು ಪುಟ್ಟಿಯೇ. ಮಡಚುವ ಮೇಜಿನಲ್ಲಿ ಅವಳ ಕೆಲಸ. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು ಚುರುಕು.

“ಡಿಟಾಕ್ಸ್ ಡ್ರಿಂಕು!” ಎಂದು ಮೇಜಿನ ಮೇಲೆ ಕ್ಯಾನನ್ನು ಧೊಪ್ಪೆಂದು ಇಟ್ಟಳು. “ಸೌತೆಕಾಯಿ, ಪಾಲಕ್, ಪುದೀನ, ಶುಂಠಿ, ನಿಂಬೆಹಣ್ಣು, ಅರ್ಧ ಸೇಬು. ದಿನಕ್ಕೆ ಮೂರು ಲೋಟ. ಇಪ್ಪತ್ತೊಂದು ದಿನದಲ್ಲಿ ಒಳಗಿರೋ ವಿಷ ಎಲ್ಲ ತೊಳೆದು ಹೊರಗೆ ಬಿಸಾಕತ್ತೆ.”

“ನಮ್ಮ ಡ್ರಮ್ಮು ಚಾದರ ತೊಳೆಯೋ ಹಾಗಾ?” ಎಂದು ಕೇಳಿದ ಡ್ರಮ್ಮಣ್ಣ. ಒಗೆಯುವ ಯಂತ್ರಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಗಾತ್ರದಲ್ಲಿಯೂ ಅವನು ಅವುಗಳಿಗೆ ಹತ್ತಿರದ ನೆಂಟನಂತಿದ್ದ.

“ಹಾಗೇ! ನಿಮಗೆ ಮಾತ್ರ ಎರಡು ಸಲ ತಿರುಗಿಸ್ಬೇಕು.”

ನಗುತ್ತ ನಗುತ್ತಲೇ ಎಲ್ಲರೂ ಕುಡಿದರು. ಮೂರು ದಿನ ಕಳೆಯುವಷ್ಟರಲ್ಲಿ ಲಾಂಡ್ರಿಯ ಮಾತೇ ಬದಲಾಯಿತು. ಒಬ್ಬಳಿಗೆ ಮೈ ಹಗುರ, ಇನ್ನೊಬ್ಬಳಿಗೆ ನಿದ್ದೆ ಚೆನ್ನ, ಡ್ರಮ್ಮಣ್ಣನ ಬೆಲ್ಟು ಒಂದು ತೂತು ಒಳಗೆ ಸರಿದಿದೆ ಎಂದು ಅವನದೇ ಘೋಷಣೆ. ದೊಡ್ಡಕ್ಕ ಗುರುವಾರ ಮೂರೂವರೆಗೆ ಗಡಿಯಾರ ನೋಡಿದಳು. ಏಪ್ರನ್ನಿನ ಗಂಟು ಕಟ್ಟಿದ ಹಾಗೇ ಇತ್ತು. ತಲೆನೋವಿನ ಸುಳಿವಿಲ್ಲ. ಶುಕ್ರವಾರ ಬೆಳಗ್ಗೆ ಬಚ್ಚಲಮನೆಯಿಂದ ಹೊರಬಂದವಳ ಮುಖ ನೋಡಿ ಗಂಡ, “ಏನು, ಬಹುಮಾನ ಬಂತಾ?” ಎಂದ.

ಏನೂ ಆಗದವರೆಂದರೆ ಮೇಲ್ವಿಚಾರಕರೊಬ್ಬರೇ. ಅವರನ್ನು ಎಲ್ಲರೂ ಬೆನ್ನ ಹಿಂದೆ ಕೀಲಿ ಸಾಹೇಬರು ಎನ್ನುತ್ತಿದ್ದರು. ಉಗ್ರಾಣ, ಸೋಪಿನ ಕೋಣೆ, ಮಹಡಿಯ ಮೇಲಿನ ಶೌಚಾಲಯ, ಎಲ್ಲದರ ಕೀಲಿಯೂ ಅವರ ಸೊಂಟದಲ್ಲಿ ಜಣಜಣ ಎನ್ನುತ್ತಿತ್ತು. “ನನಗೇನೂ ವ್ಯತ್ಯಾಸ ಕಾಣಿಸ್ತಿಲ್ಲಮ್ಮ. ಮೊದಲೂ ಚೆನ್ನಾಗೇ ಇದ್ದೆ, ಈಗಲೂ ಚೆನ್ನಾಗೇ ಇದ್ದೀನಿ. ನಿಮ್ಮೆಲ್ಲರ ಓಡಾಟ ಮಾತ್ರ ಜಾಸ್ತಿಯಾಗಿದೆ. ಕೀಲಿ ಕೊಟ್ಟೂ ಕೊಟ್ಟೂ ನನ್ನ ಸೊಂಟ ಸವೀತಿದೆ” ಎಂದರು.

ಆ ಭಾನುವಾರ ಪುಟ್ಟಿ ಅಕ್ಕನ ಮನೆಗೆ ಊಟಕ್ಕೆ ಬಂದಳು. ದೊಡ್ಡಕ್ಕನ ಅತ್ತೆ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಅತ್ತೆ ಒಂದು ಶಾಲೆಯ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತರಾದವರು. ಸಕ್ಕರೆಯನ್ನೂ ಅಳತೆಯ ಕೊಳವೆಯಲ್ಲಿ ಅಳೆದು ಹಾಕುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

“ವಿಷ ಹೋಗತ್ತೆ ಅಂದೆಯಲ್ಲ ಪುಟ್ಟಿ,” ಎಂದರು ಅತ್ತೆ, “ಯಾವ ವಿಷ? ಅದರ ಹೆಸರೇನು?”

ಪುಟ್ಟಿ ತಡವರಿಸಿದಳು. “ಅದು... ಒಳಗೆ ಸೇರ್ಕೊಂಡಿರತ್ತಲ್ಲ, ಆ ವಿಷ.”

“ಒಳಗೆ ಸೇರಿದ್ದನ್ನ ಹೊರಗೆ ಹಾಕಕ್ಕೆ ಲಿವರ್ ಇದೆ, ಎರಡು ಕಿಡ್ನಿ ಇದೆ. ಅವೇನು ರಜೆ ಹಾಕಿ ಹೋಗಿದ್ವಾ, ಪಾಲಕ್ ಸೊಪ್ಪು ಬಂದು ಅವುಗಳ ಕೆಲಸ ಮಾಡಕ್ಕೆ?”

“ಹಾಗಾದ್ರೆ ಅಕ್ಕನ ಹೊಟ್ಟೆ ಹೇಗೆ ಸರಿಹೋಯ್ತು? ನೀವೇ ಹೇಳಿ!” ಪುಟ್ಟಿಯ ದನಿ ಏರಿತು. “ಹನ್ನೊಂದು ಜನ ಸುಳ್ಳು ಹೇಳ್ತಾರಾ?”

“ಸುಳ್ಳು ಅಂತ ನಾನೆಲ್ಲಿ ಅಂದೆ? ಸರಿಹೋಗಿದೆ, ಸರಿ. ಆದರೆ ನಿನ್ನ ಹಸಿರಿನಿಂದಲೇ ಸರಿಹೋಯ್ತು ಅಂತ ಹೇಗೆ ಗೊತ್ತು? ಪರೀಕ್ಷೆ ಮಾಡಿ ನೋಡಿದ್ಯಾ?”

ದೊಡ್ಡಕ್ಕ ಅನ್ನದಲ್ಲಿ ಬೆರಳಾಡಿಸುತ್ತ ಇಬ್ಬರ ಮುಖವನ್ನೂ ನೋಡಿದಳು. ತಂಗಿಯ ಮೂಗಿನ ತುದಿ ಕೆಂಪಾಗಿತ್ತು. ಅದು ಅಳುವುದಕ್ಕೂ ಕೆಂಪಾಗುತ್ತದೆ, ಹಟಕ್ಕೂ ಕೆಂಪಾಗುತ್ತದೆ. ಇದು ಹಟ.

“ಮಾಡಿ ಪರೀಕ್ಷೆ,” ಎಂದಳು ಪುಟ್ಟಿ. “ನಾನೂ ಕೂರ್ತೀನಿ ಪರೀಕ್ಷೆಗೆ.”

ಅತ್ತೆ ಮರುದಿನವೇ ಏರ್ಪಾಡು ಶುರುಮಾಡಿದರು. ಒಳಗೇನಿದೆ ಎಂದು ಕಾಣದಂಥ ಒಂದು ಲೀಟರಿನ ಹನ್ನೆರಡು ಸ್ಟೀಲ್ ಬಾಟಲಿ, ಪ್ರತಿಯೊಂದಕ್ಕೂ ನಂಬರು. ಆರರಲ್ಲಿ ಪುಟ್ಟಿ ಹೇಳಿಕೊಟ್ಟ ಅಸಲಿ ಪಾನೀಯ, ಅವಳ ಅಳತೆಯಲ್ಲೇ. ಉಳಿದ ಆರರಲ್ಲಿ ಬರೀ ನೀರು. ಅದಕ್ಕೆ ಅಡುಗೆಯ ಹಸಿರು ಬಣ್ಣ, ಚಿಟಿಕೆ ಉಪ್ಪು, ಮೂಗಿಗೆ ಮೋಸ ಮಾಡಲು ಒಂದೆರಡು ಎಲೆ ಪುದೀನ, ಮಂದವಾಗಲು ಚೂರು ಜೋಳದ ಹಿಟ್ಟು. ಯಾರಿಗೆ ಯಾವುದು ಎಂದು ಚೀಟಿ ಎತ್ತಿ ನಿರ್ಧರಿಸಿ, ಪಟ್ಟಿಯನ್ನು ಲಕೋಟೆಗೆ ಹಾಕಿ ಅಂಟಿಸಿದರು. ಬೆಳಗ್ಗೆ ಐದರಿಂದ ಆರರವರೆಗೆ ಅಡುಗೆಮನೆಗೆ ಸೊಸೆಗೂ ಪ್ರವೇಶವಿರಲಿಲ್ಲ. ಲಾಂಡ್ರಿಯ ವ್ಯಾನು ಆ ಬೀದಿಯಲ್ಲೇ ಹಾದುಹೋಗುತ್ತಿದ್ದುದರಿಂದ ಬಾಟಲಿ ಸಾಗಿಸುವುದು ಕಷ್ಟವಾಗಲಿಲ್ಲ.

ಎರಡು ಬಗೆಯಿದೆ ಎಂದು ಎಲ್ಲರಿಗೂ ಹೇಳಲಾಗಿತ್ತು. ತನ್ನದು ಯಾವುದು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ದೊಡ್ಡಕ್ಕ ಮೂರು ಪ್ರಶ್ನೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು: ಬೆಳಗ್ಗೆ ಹೊಟ್ಟೆ ಖಾಲಿಯಾಯಿತೇ, ಉಬ್ಬರ ಇತ್ತೇ, ತಲೆನೋವು ಬಂತೇ. ಮೂರೂ ಸರಿಯಿದ್ದರೆ ಅದು ಒಳ್ಳೆಯ ದಿನ. ಉಳಿದ ಪಾನೀಯವನ್ನು ಅತ್ತೆ ಸಂಜೆ ಮನೆಯಲ್ಲಿ ಅಳತೆಯ ಕೊಳವೆಗೆ ಸುರಿದು ಎಷ್ಟೆಂದು ಗುರುತು ಹಾಕುತ್ತಿದ್ದರು.

“ಹೊಟ್ಟೆ ಖಾಲಿಯಾಯ್ತಾ ಅಂತ ಹೆಂಗಸರ ಮುಂದೆ ನಾನು ಹೇಗೆ ಹೇಳ್ಲಿ?” ಎಂದು ಡ್ರಮ್ಮಣ್ಣ ಮೊದಲ ದಿನ ನಾಚಿ ನೀರಾದ. ಮೂರನೇ ದಿನಕ್ಕೆ ಬಾಗಿಲಲ್ಲೇ ನಿಂತು, “ದೊಡ್ಡಕ್ಕಾ, ಬರ್ಕೊಳ್ಳಿ! ಎರಡು ಸಲ!” ಎಂದು ಕೂಗುವಷ್ಟು ಧೈರ್ಯ ಬಂದಿತ್ತು.

ಪುಟ್ಟಿಗೆ ಬಂದಿದ್ದು ಏಳನೇ ನಂಬರು. ಒಂದು ಗುಟುಕು ಕುಡಿದವಳೇ ಕಣ್ಣು ಮಿಟುಕಿಸಿದಳು. “ನನ್ನ ಕೈರುಚಿ ನನಗೆ ಗೊತ್ತಾಗಲ್ವಾ? ಇದು ಅಸಲಿನೇ.” ಒಂದು ವಾರದ ಹೊತ್ತಿಗೆ ಮಡಚುವ ಮೇಜಿನ ಪಕ್ಕದ ಕನ್ನಡಿಯಲ್ಲಿ ಕೆನ್ನೆ ಹಿಂಡಿಕೊಂಡು, “ನೋಡ್ರೇ, ಹೇಗೆ ಹೊಳೀತಿದೆ” ಎಂದು ಎಲ್ಲರಿಗೂ ತೋರಿಸಿದಳು. ಎಲ್ಲರೂ ಹೌದು ಹೌದು ಎಂದರು. ಹೊಳೆಯುತ್ತಲೂ ಇತ್ತು.

ಎರಡನೇ ವಾರದ ಸೋಮವಾರ ಕೀಲಿ ಸಾಹೇಬರ ತಾಳ್ಮೆ ತೀರಿತು. ಒಬ್ಬಳು ಕೀಲಿ ಹಿಂದಿರುಗಿಸುವಷ್ಟರಲ್ಲಿ ಇನ್ನೊಬ್ಬಳು ಕೈ ಚಾಚಿ ನಿಂತಿರುತ್ತಿದ್ದಳು. ಉರುಳೆಗಳ ಬಾಯಲ್ಲಿ ಚಾದರ ಅರ್ಧ ನಿಂತು ಸುಕ್ಕಾದದ್ದೂ ಆಯಿತು. “ಇವತ್ತಿಂದ ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಕೀಲಿ. ಆಮೇಲೆ ಯಾರೂ ಕೇಳೋ ಹಾಗಿಲ್ಲ” ಎಂದುಬಿಟ್ಟರು.

ಬಾಟಲಿಗಳ ಮುಚ್ಚಳಗಳು ತಾವಾಗಿಯೇ ಬಿಗಿಯಾದವು. ಸಂಜೆ ದೊಡ್ಡಕ್ಕ ಹೊತ್ತು ತಂದ ಚೀಲದ ಭಾರ ನೋಡಿ ಅತ್ತೆ ಹುಬ್ಬೇರಿಸಿದರು.

“ಯಾಕೆ ಯಾರೂ ಕುಡಿದೇ ಇಲ್ಲ?”

“ಕೆಲಸ ಜಾಸ್ತಿ ಇತ್ತು ಅತ್ತೆ” ಎಂದಳು ದೊಡ್ಡಕ್ಕ. ಮಂಗಳವಾರವೂ ಅದೇ ಮಾತು, ಬುಧವಾರವೂ ಅದೇ. ಮೂರು ಗಂಟೆಗೆ ಅವಳ ಏಪ್ರನ್ನಿನ ಗಂಟು ಮತ್ತೆ ಸಡಿಲವಾಯಿತು. ಮಡಚುವ ಮೇಜಿನಲ್ಲಿ ಇಬ್ಬರು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರು. ಡ್ರಮ್ಮಣ್ಣ ಬಾಗಿಲಲ್ಲಿ ಏನನ್ನೂ ಕೂಗಲಿಲ್ಲ. ಗುರುವಾರ ಕೀಲಿ ಸಾಹೇಬರಿಗೇ ಬೇಸರವಾಯಿತೋ, ಸಪ್ಪೆ ಮುಖಗಳನ್ನು ನೋಡಲಾಗಲಿಲ್ಲವೋ, ಕೇಳಿದವರಿಗೆ ಮತ್ತೆ ಕೊಡಲಾರಂಭಿಸಿದರು.

ಶನಿವಾರ ಪರೀಕ್ಷೆ ಮುಗಿಯಿತು. ಊಟದ ಹೊತ್ತಿನಲ್ಲಿ ಅತ್ತೆ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಲಾಂಡ್ರಿಗೆ ಬಂದರು. ನಿವೃತ್ತಿಯ ಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆದದ್ದು ಅದೇ ಮೊದಲು. ಟವೆಲುಗಳ ಗುಡ್ಡೆ ಸರಿಸಿ ಅವರಿಗೆ ಕುರ್ಚಿ ಹಾಕಿದರು. ಕೀಲಿ ಸಾಹೇಬರೂ ಕೈಕಟ್ಟಿ ಬಾಗಿಲಿಗೆ ಒರಗಿ ನಿಂತರು.

ಅತ್ತೆ ಲಕೋಟೆ ಹರಿದರು. “ಮೊದಲು ಒಂಬತ್ತು ದಿನದ್ದು ಹೇಳ್ತೀನಿ. ಅಸಲಿ ಕುಡಿದವರು ಆರು ಜನ. ಐವತ್ತನಾಲ್ಕು ದಿನಗಳಲ್ಲಿ ಒಳ್ಳೆ ದಿನ ನಲವತ್ತಮೂರು.”

ಪುಟ್ಟಿ ಚಪ್ಪಾಳೆ ತಟ್ಟಿದಳು.

“ಬಣ್ಣದ ನೀರು ಕುಡಿದವರು ಆರು ಜನ. ಐವತ್ತನಾಲ್ಕರಲ್ಲಿ ಒಳ್ಳೆ ದಿನ ನಲವತ್ತನಾಲ್ಕು.”

ಚಪ್ಪಾಳೆ ಅರ್ಧಕ್ಕೇ ನಿಂತಿತು.

“ಅಂದ್ರೆ ನೀರೇ ಒಂದು ಮಾರ್ಕು ಮುಂದೆ!” ಎಂದ ಡ್ರಮ್ಮಣ್ಣ. “ನಂದು ಯಾವ್ದು, ಹೇಳಿ.”

“ಮೂರನೇ ನಂಬರು, ನೀರು.”

“ಅಯ್ಯೋ! ಹಾಗಾದ್ರೆ ನನ್ನ ಬೆಲ್ಟು?”

“ಬೆಲ್ಟು ನಿಮ್ಮದು, ನನ್ನನ್ನ ಕೇಳಬೇಡಿ” ಎಂದರು ಅತ್ತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿಯುತ್ತಿದ್ದಂತೆ ಪುಟ್ಟಿ ಸಣ್ಣ ದನಿಯಲ್ಲಿ ಕೇಳಿದಳು, “ಏಳು?”

ಅತ್ತೆ ಪಟ್ಟಿ ನೋಡಿದರು, ಕನ್ನಡಕ ಸರಿಮಾಡಿಕೊಂಡರು. “ಏಳು... ನೀರು ಕಣಮ್ಮ.”

ಪುಟ್ಟಿ ಮುಂದಿದ್ದ ದಿಂಬಿನ ಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಅತ್ತೆ ಪುಸ್ತಕದ ಕಡೆ ತಿರುಗಿದರು. “ನನಗೆ ಅರ್ಥವಾಗದ್ದು ಬೇರೆ ಇದೆ. ನಡುವೆ ಮೂರು ದಿನ, ಸೋಮವಾರದಿಂದ ಬುಧವಾರ. ಅಸಲಿಯವರಿಗೂ ಒಳ್ಳೆ ದಿನ ಇಲ್ಲ, ನೀರಿನವರಿಗೂ ಇಲ್ಲ. ಬಾಟಲಿಗಳೆಲ್ಲ ತುಂಬಿದ ಹಾಗೇ ವಾಪಸ್ ಬಂದ್ವು. ಒಬ್ಬರು ಮಾತ್ರ ಮೂರು ದಿನವೂ ಚೆನ್ನಾಗಿದ್ದರು. ಹನ್ನೆರಡನೇ ನಂಬರು, ಅಸಲಿ. ಅವರಿಗೆ ಹನ್ನೆರಡು ದಿನದಲ್ಲಿ ಒಂದೂ ಏರುಪೇರಿಲ್ಲ. ಆ ಮೂರು ದಿನ ಇಲ್ಲಿ ಏನಾಯ್ತು?”

ಹನ್ನೆರಡನೇ ನಂಬರು ಬಾಗಿಲಿಗೆ ಒರಗಿದ್ದ ಕೀಲಿ ಸಾಹೇಬರದು. ಎಲ್ಲರ ಕಣ್ಣೂ ಅವರ ಸೊಂಟದ ಕಡೆ ಹೋಗಿ ನೆಲಕ್ಕಿಳಿಯಿತು. ಹಿಂದೆ ಒಂದು ಡ್ರಮ್ಮು ನೀರು ಬಸಿಯತೊಡಗಿತು.

ದೊಡ್ಡಕ್ಕ ಜಗಳಕ್ಕೆ ನಿಲ್ಲುವವಳಲ್ಲ. ಆದರೆ ಬುಧವಾರದ ತಲೆನೋವಿನ ನೆನಪು ಇನ್ನೂ ಹಣೆಯ ಮೇಲೇ ಇತ್ತು.

“ಕೀಲಿ ಕೊಡಲಿಲ್ಲ ಅತ್ತೆ,” ಎಂದಳು.

“ಯಾವ ಕೀಲಿ?”

“ಶೌಚಾಲಯದ್ದು. ಮಹಡಿ ಮೇಲಿದೆ, ಬೀಗ ಇರತ್ತೆ. ಸಾಹೇಬರ ಹತ್ರ ಹೋಗಿ ಕೇಳ್ಬೇಕು. ಎಲ್ಲರ ಎದುರಿಗೆ.” ಒಮ್ಮೆ ಬಾಯಿ ತೆರೆದ ಮೇಲೆ ಮಾತು ನಿಲ್ಲಲಿಲ್ಲ. “ನಾಚಿಕೆ ಆಗತ್ತೆ ಅತ್ತೆ. ಅದಕ್ಕೇ ನಾನು ಇಲ್ಲಿಗೆ ಬಂದಾಗಿಂದ ಕೆಲಸದ ಹೊತ್ತಲ್ಲಿ ನೀರು ಕುಡಿಯೋದೇ ಬಿಟ್ಟೆ. ಊಟಕ್ಕೆ ಅರ್ಧ ಲೋಟ, ಅಷ್ಟೇ. ಹನ್ನೆರಡು ವರ್ಷ ಆಯ್ತು. ಪುಟ್ಟಿ ಹಸಿರು ತಂದಾಗ ಔಷಧಿ ಅಲ್ವಾ, ಕುಡೀಲೇಬೇಕಲ್ವಾ, ಅಂತ ಕುಡಿದೆ. ಕುಡಿದ ಮೇಲೆ ಹೋಗ್ಲೇಬೇಕಲ್ವಾ, ಅಂತ ಧೈರ್ಯ ಮಾಡಿ ಕೀಲಿ ಕೇಳ್ದೆ. ಎಲ್ಲರೂ ಕೇಳ್ತಿದ್ರಲ್ಲ, ನಾಚಿಕೆ ಅನ್ನಿಸ್ಲಿಲ್ಲ.”

“ನಾನೂ ಕುಡೀತಿರ್ಲಿಲ್ಲ” ಎಂದಳು ಮಡಚುವ ಮೇಜಿನ ಕೊನೆಯಲ್ಲಿದ್ದವಳು. “ನಾನೂ” ಎಂದಳು ಅವಳ ಪಕ್ಕದವಳು. ಮೇಜಿನ ಉದ್ದಕ್ಕೂ ಆ ಮಾತು ಒಬ್ಬರಿಂದೊಬ್ಬರಿಗೆ ದಾಟಿ ಬಂತು. ಕೊನೆಗೆ ಡ್ರಮ್ಮಣ್ಣ, “ನಾನಂತೂ ಮಂಡಿ ನೋವು, ಮಹಡಿ ಹತ್ತಬೇಕಲ್ಲ ಅಂತ...” ಎಂದು ತಲೆ ಕೆರೆದುಕೊಂಡ.

ಅತ್ತೆ ಪೆನ್ನು ಕೆಳಗಿಟ್ಟರು. “ಈ ಉಗಿಯಲ್ಲಿ ನಿಂತು, ಇಷ್ಟು ಬೆವರಿ, ಅರ್ಧ ಲೋಟ ನೀರು! ನನ್ನ ಮನೆಯಲ್ಲೇ ಇದ್ದೀಯ, ಒಂದು ದಿನ ಹೇಳಲಿಲ್ಲವಲ್ಲೇ.” ಅವರು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿಕೊಂಡರು. “ಕರುಳಿಗೆ ನೀರು ಸಿಗದಿದ್ದರೆ ಅದು ಹೇಗೆ ಕೆಲಸ ಮಾಡತ್ತೆ? ಬಂದಾಗ ಹೋಗದೆ ತಡೆದು ತಡೆದು ಕೂತರೆ ಹೊಟ್ಟೆ ಉಬ್ಬದೆ ಇನ್ನೇನಾಗತ್ತೆ? ಸಾಹೇಬರಿಗೆ ಯಾವ ಹಸಿರೂ ಕೆಲಸ ಮಾಡಲಿಲ್ಲ, ಯಾಕಂದ್ರೆ ಅವರಿಗೆ ಸರಿಮಾಡುವಂಥದ್ದು ಏನೂ ಇರಲಿಲ್ಲ. ಕೀಲಿ ಅವರ ಹತ್ರಾನೇ ಇತ್ತು.” ಆಮೇಲೆ ಹಳೆಯ ಅಭ್ಯಾಸದಂತೆ ಸೇರಿಸಿದರು, “ಹನ್ನೆರಡು ಜನರನ್ನ ನೋಡಿ ಲೋಕಕ್ಕೆಲ್ಲ ತೀರ್ಪು ಕೊಡಕ್ಕಾಗಲ್ಲ. ಆದರೆ ಈ ಲಾಂಡ್ರಿಗೆ ಇಷ್ಟು ಸಾಕು.”

ಕೀಲಿ ಸಾಹೇಬರ ಮುಖ ಉಗಿ ಯಂತ್ರದ ಮುಂದೆ ನಿಂತವರ ಹಾಗೆ ಕೆಂಪಾಗಿತ್ತು. “ಯಾವಾಗಲೋ ಒಬ್ಬರು ನಲ್ಲಿ ತಿರುಗಿಸಿಟ್ಟು ಮರೆತು ಹೋಗಿದ್ರು. ನೀರು ಸೋರಿ ಕೆಳಗೆ ಇನ್ನೂರು ಚಾದರ ನೆನೆದವು. ಅವತ್ತು ಬೀಗ ಹಾಕ್ದೆ. ಆಮೇಲೆ ತೆಗೆಯೋದು...” ಅವರು ಸೊಂಟದ ಗೊಂಚಲನ್ನು ನೋಡಿಕೊಂಡರು. “ತೆಗೆಯೋದು ತಲೆಗೇ ಹೊಳೀಲಿಲ್ಲ. ನೀವು ಯಾರೂ ಕೇಳ್ಲಿಲ್ಲ, ನಾನೂ ಯೋಚನೆ ಮಾಡ್ಲಿಲ್ಲ. ತಪ್ಪಾಯ್ತು.”

ಗೊಂಚಲಿನಿಂದ ಆ ಒಂದು ಕೀಲಿಯನ್ನು ಬಿಡಿಸಲು ಹೋದರು. ಉಂಗುರ ಬಿಗಿಯಾಗಿತ್ತು, ಉಗುರು ಮುರಿಯಿತು. ಡ್ರಮ್ಮಣ್ಣ ಇಕ್ಕುಳ ತಂದ. ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವ ನಲ್ಲಿ ಸಿಗುತ್ತದೆ, ಸೋಮವಾರ ನಾನೇ ಹಾಕಿಕೊಡುತ್ತೇನೆ ಎಂದೂ ಹೇಳಿದ.

ಈ ಗದ್ದಲದಲ್ಲಿ ಪುಟ್ಟಿ ಅಲ್ಲಿರಲಿಲ್ಲ. ದೊಡ್ಡಕ್ಕ ಹುಡುಕಿಕೊಂಡು ಹೋದಾಗ ಸೋಪಿನ ಕೋಣೆಯಲ್ಲಿ ಒಂದು ಮೂಟೆಯ ಮೇಲೆ ಕೂತಿದ್ದಳು. ಮೂಗಿನ ತುದಿ ಕೆಂಪಾಗಿತ್ತು. ಈ ಸಲ ಹಟವಲ್ಲ.

“ಕನ್ನಡೀಲಿ ನೋಡ್ಕೊಂಡು ಮುಖ ಹೊಳೀತಿದೆ ಅಂತ ಎಲ್ಲರಿಗೂ ತೋರಿಸ್ಕೊಂಡು ಬಂದೆನಲ್ಲ ಅಕ್ಕ. ಬಣ್ಣದ ನೀರು ಕುಡಿದು!”

“ಹೊಳೀತಾನೇ ಇತ್ತು ಕಣೆ. ನಾನೇ ನೋಡಿದ್ನಲ್ಲ.”

“ಸಮಾಧಾನ ಮಾಡಬೇಡ.”

“ಸಮಾಧಾನ ಅಲ್ಲ. ನೀನು ಆ ಕ್ಯಾನು ಹೊತ್ತು ತರದಿದ್ದರೆ ನಾನು ಇನ್ನೂ ಹನ್ನೆರಡು ವರ್ಷ ಅರ್ಧ ಲೋಟದಲ್ಲೇ ಇರ್ತಿದ್ದೆ. ನನ್ನ ಶರೀರನೇ ಹಾಗೆ ಅಂತ ಹೇಳ್ಕೊಂಡು.”

ಬಾಗಿಲಲ್ಲಿ ಬಿಳಿ ಕೋಟು ಕಾಣಿಸಿತು. ಅತ್ತೆ ಒಳಗೆ ಬರಲೋ ಬೇಡವೋ ಎಂಬಂತೆ ನಿಂತರು. “ಪುಟ್ಟಿ, ನಾನು ಮೂವತ್ತು ವರ್ಷ ಲ್ಯಾಬಲ್ಲಿದ್ದೆ. ತಾನು ಸೋಲಬಹುದು ಅಂತ ಗೊತ್ತಿದ್ದೂ ಪರೀಕ್ಷೆಗೆ ಒಪ್ಪಿಕೊಂಡವರನ್ನ ನಾನು ನೋಡೇ ಇರಲಿಲ್ಲ. ಮೇಷ್ಟರುಗಳೂ ಒಪ್ತಿರಲಿಲ್ಲ.”

“ನಾನು ಸೋಲ್ತೀನಿ ಅಂತ ನನಗೆಲ್ಲಿ ಗೊತ್ತಿತ್ತು!” ಎಂದಳು ಪುಟ್ಟಿ. ಹೇಳಿದ್ದು ಅವಳಿಗೇ ನಗು ತರಿಸಿತು. ಮೂವರೂ ನಕ್ಕರು. ಸೋಪಿನ ಪುಡಿ ಮೂಗಿಗೆ ಹೋಗಿ ಅತ್ತೆ ಒಂದೇ ಸಮನೆ ಸೀನಿದರು.

ಎರಡು ದಿನ ಪುಟ್ಟಿ ಕೈಬೀಸಿಕೊಂಡು ಬಂದಳು. ಮೂರನೇ ದಿನ ಮತ್ತೆ ಕ್ಯಾನು ಬಂತು. ಒಳಗೆ ಸೌತೆಕಾಯಿಯ ಬಿಲ್ಲೆಗಳು, ಪುದೀನ, ತಣ್ಣನೆಯ ನೀರು. ಹೊರಗೆ ಅವಳದೇ ದುಂಡು ಅಕ್ಷರದಲ್ಲಿ ಒಂದು ಚೀಟಿ: “ಇದು ಯಾವ ವಿಷವನ್ನೂ ತೆಗೆಯುವುದಿಲ್ಲ. ರುಚಿಯಾಗಿದೆ, ಕುಡಿಯಿರಿ.” ಪಾಲಕ್ ಸೊಪ್ಪನ್ನು ಅರೆದು ಸೋಸಿ ನಾರೆಲ್ಲ ಎಸೆಯುವ ಬದಲು ಹಾಗೇ ಬೇಯಿಸಿ ಊಟದಲ್ಲಿ ತಿಂದರೆ ಹೊಟ್ಟೆಗೆ ಒಳ್ಳೆಯದು ಎಂದು ಅತ್ತೆ ಹೇಳಿದ್ದರಿಂದ, ಅದು ಎಲ್ಲರ ಊಟದ ಡಬ್ಬಿಗೆ ಬಂತು. ಮೊದಲ ಬಾರಿಗೆ ಪುಟ್ಟಿ ಅವರ ಮಾತಿಗೆ ಎದುರಾಡಲಿಲ್ಲ. ಎರಡನೇ ಬಾರಿ ಎದುರಾಡಿದಳು. ಕೀಲಿ ಸಾಹೇಬರು ಕೂದಲು ಬೆಳೆಯಲೆಂದು ಹಚ್ಚುವ ಎಣ್ಣೆಯನ್ನೂ ಪರೀಕ್ಷೆ ಮಾಡಬೇಕೆಂದು ಅವಳ ವಾದ. ಅದಕ್ಕೆ ಹನ್ನೆರಡು ಬೋಳುತಲೆ ಬೇಕಾಗುತ್ತದೆ, ಎಲ್ಲಿಂದ ತರುತ್ತೀಯ ಎಂದು ಅತ್ತೆಯ ಪ್ರತಿವಾದ. ಅದು ಇನ್ನೂ ಇತ್ಯರ್ಥವಾಗಿಲ್ಲ.

ದೊಡ್ಡಕ್ಕನ ಹೊಟ್ಟೆ ಒಮ್ಮೆಗೇ ಹೂವಿನಂತಾಗಿಬಿಡಲಿಲ್ಲ. ಒಂದೊಂದು ದಿನ ಉಬ್ಬುತ್ತದೆ, ಒಂದೊಂದು ದಿನ ಇಲ್ಲ. ಆದರೆ ಹತ್ತು ಗಂಟೆಗೆ ಒಂದು ಲೋಟ, ಹನ್ನೆರಡಕ್ಕೆ ಒಂದು, ಮೂರಕ್ಕೆ ಒಂದು ಕುಡಿಯುತ್ತಾಳೆ. ಬೇಕಾದಾಗ ಯಾರನ್ನೂ ಕೇಳದೆ ಮಹಡಿ ಹತ್ತುತ್ತಾಳೆ. ಮೆಟ್ಟಿಲು ತಿರುಗುವ ಕಡೆ ಒಂದು ಕಿಟಕಿಯಿದೆ. ಅಲ್ಲಿ ಒಂದು ನಿಮಿಷ ನಿಂತರೆ ಉಗಿಯಿಂದ ಕೆಂಪಾದ ಮುಖಕ್ಕೆ ಗಾಳಿ ತಗಲುತ್ತದೆ. ಎದುರಿನ ಕಟ್ಟಡದ ತಾರಸಿಯಲ್ಲಿ ಯಾರೋ ಒಬ್ಬರು ಅದೇ ಹೊತ್ತಿಗೆ ಗಿಡಗಳಿಗೆ ನೀರು ಹಾಕುತ್ತಿರುತ್ತಾರೆ. ಮೊನ್ನೆ ಅವರು ಕೈ ಬೀಸಿದರು. ದೊಡ್ಡಕ್ಕನೂ ಬೀಸಿದಳು.